ಸತ್ಯಾಂಶ: ವಲಸೆಯಿಂದ ಹಳ್ಳಿಯ ಅಸಮಾನತೆ ತಾನಾಗಿಯೇ ಅಳಿಯುತ್ತದೆಯೇ?

‘ಹಳ್ಳಿ ಬಿಟ್ಟು ಹೋಗುವವರೆಲ್ಲ ಕಡುಬಡವರು, ಅವರು ಕಳುಹಿಸುವ ಹಣದಿಂದ ಊರಿನ ಬಡವ–ಬಲ್ಲಿದರ ಅಂತರ ತಾನಾಗಿಯೇ ಅಳಿಯುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡು ಮಾತುಗಳೂ ಪೂರ್ತಿ ನಿಜವಲ್ಲ.

ದೂರದ ಊರಿಗೆ ಹೊರಡಲು ಕೈಯಲ್ಲಿ ಹಣವಿರಬೇಕು, ಅಲ್ಲಿ ಕೆಲಸ ಕೊಡಿಸುವ ಪರಿಚಯಸ್ಥರಿರಬೇಕು, ಮೊದಲ ಸಂಬಳ ಬರುವವರೆಗೆ ಇತ್ತ ಮನೆಯ ಒಲೆ ಉರಿಯುತ್ತಿರಬೇಕು. ಹಾಗಾಗಿ ಹೆಚ್ಚು ಗಳಿಕೆಯ ವಿದೇಶದ ದಾರಿ ಮೊದಲು ತೆರೆಯುವುದು ಸಾಮಾನ್ಯವಾಗಿ ತಕ್ಕಮಟ್ಟಿಗೆ ಅನುಕೂಲವಿದ್ದ ಕುಟುಂಬಗಳಿಗೆ. ಏನೂ ಇಲ್ಲದವರು ಊರಲ್ಲೇ ಉಳಿಯುತ್ತಾರೆ, ಇಲ್ಲವೇ ಮುಂಗಡ ಸಾಲ ಪಡೆದು ಸುಗ್ಗಿಯ ಕೂಲಿಗೆ ಹೋಗಿ, ದುಡಿದದ್ದನ್ನು ಅದೇ ಸಾಲಕ್ಕೆ ತೀರಿಸಿ ಬರಿಗೈಯಲ್ಲಿ ಮರಳುತ್ತಾರೆ. ಈ ಎರಡನೆಯವರ ಪಾಡು ಲೆಕ್ಕಕ್ಕೇ ಬರುವುದಿಲ್ಲವೆಂಬುದು ನೋವಿನ ಸಂಗತಿ.

ಮೆಕ್ಸಿಕೊದ ಎರಡು ಹಳ್ಳಿಗಳ ಕುರಿತು ಅರ್ಥಶಾಸ್ತ್ರಜ್ಞರಾದ ಸ್ಟಾರ್ಕ್, ಟೇಲರ್ ಮತ್ತು ಯಿಟ್ಝಾಕಿ 1986ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ಅಮೆರಿಕಕ್ಕೆ ಕೆಲವೇ ಮನೆಯವರು ಹೋಗಿದ್ದ ಹಳ್ಳಿಯಲ್ಲಿ ಅಲ್ಲಿಂದ ಬಂದ ಹಣ ಅಸಮಾನತೆಯನ್ನು ಹೆಚ್ಚಿಸುವಂತಿತ್ತು; ಹಲವರು ಬಹುಕಾಲದಿಂದ ಹೋಗುತ್ತಿದ್ದ ಹಳ್ಳಿಯಲ್ಲಿ ತಗ್ಗಿಸುವಂತಿತ್ತು. ಮೊದಲು ಹೋದವರು ನಂತರದವರಿಗೆ ಕೆಲಸ, ವಸತಿ ತೋರಿಸಿಕೊಟ್ಟಂತೆಲ್ಲ ಖರ್ಚು ಇಳಿದು, ಬಡ ಮನೆಗಳಿಗೂ ಆ ದಾರಿ ತೆರೆದುಕೊಳ್ಳುತ್ತದೆ.