ಬೆಂಗಳೂರು ಸೇಫಾ ಅಂತ ಕೇಳೋರಿಗೆ: ಮೊದಲು ಎಫ್‌ಐಆರ್ ಮಾಡಿಸಿ

ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿ ಬಂದ ದಿನ ಟಿವಿಯವರಿಗೆ ಹಬ್ಬ. ಯಾವ ಊರು ನಂಬರ್ ಒನ್, ಯಾವ ಊರು ನಂಬರ್ ಟೂ ಅಂತ ಕೆಂಪು ಅಕ್ಷರದಲ್ಲಿ ಓಡಿಸುತ್ತಾರೆ. ಅರ್ಧ ಗಂಟೆಯೊಳಗೆ ಅದರ ಸ್ಕ್ರೀನ್‌ಶಾಟ್ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ಕೆಳಗೆ ತಿಪಟೂರಿನಿಂದ ಒಬ್ಬರಾದರೂ ಕೇಳಿರುತ್ತಾರೆ: "ಮಗಳನ್ನ ಬೆಂಗಳೂರಿಗೆ ಓದೋಕೆ ಕಳಿಸೋದೋ ಬೇಡ್ವೋ?"

ನಾನು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಅಂಕಿ ಅಂಶ ನಿಜವಾ ಅಂತ ಕೇಳೋದೂ ನನ್ನನ್ನೇ, ಒಳ್ಳೆ ಪಿಜಿ ಹುಡುಕಿಕೊಡು ಅನ್ನೋದೂ ನನಗೇ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಗಂಟಲು ಒಣಗಿದೆ. ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಅಂಕಿ ವಿಷಯ. ಆ ಪಟ್ಟಿಯಲ್ಲಿರುವುದು ನಡೆದ ಅಪರಾಧಗಳ ಸಂಖ್ಯೆ ಅಲ್ಲ, ದಾಖಲಾದ ಎಫ್‌ಐಆರ್‌ಗಳ ಸಂಖ್ಯೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಪರ್ಸ್ ಕಳೆದುಕೊಂಡವನು ಸ್ಟೇಷನ್ ಮೆಟ್ಟಿಲು ಹತ್ತದಿದ್ದರೆ ಆ ಕಳ್ಳತನ ನಡೆದೇ ಇಲ್ಲ, ಕಾಗದದ ಪ್ರಕಾರ. ಒಂದೇ ಎಫ್‌ಐಆರ್‌ನಲ್ಲಿ ಮೂರು ನಾಲ್ಕು ಅಪರಾಧ ಇದ್ದರೆ ಅವುಗಳಲ್ಲಿ ಯಾವುದು ದೊಡ್ಡದೋ ಅದನ್ನಷ್ಟೇ ಎಣಿಸುತ್ತಾರೆ. ಅದು ಅವರ ನಿಯಮ, ವರದಿಯಲ್ಲೇ ಇದೆ. ಟಿವಿಯವರು ಅದನ್ನು ಓದುವುದಿಲ್ಲ, ಬಿಡಿ.

ಇನ್ನು ರೇಟ್. ಲಕ್ಷ ಜನಕ್ಕೆ ಎಷ್ಟು ಕೇಸು ಅನ್ನುವ ಲೆಕ್ಕ ಅದು. ಯಾವ ಜನಸಂಖ್ಯೆಯಿಂದ ಭಾಗಿಸುತ್ತಾರೆ ಗೊತ್ತಾ? ಮಹಾನಗರಗಳಿಗೆ ಇವತ್ತಿಗೂ 2011ರ ಜನಗಣತಿಯೇ ಗತಿ. 2021ರ ಗಣತಿ ನಡೆಯಲೇ ಇಲ್ಲವಲ್ಲ. 2011ರಲ್ಲಿ ಬೆಂಗಳೂರಲ್ಲಿ ಇದ್ದದ್ದು ಸುಮಾರು 85 ಲಕ್ಷ ಜನ. ಈಗ ಒಂದೂಕಾಲು ಕೋಟಿ ಅಂತ ಹಿಡಿದರೂ ಕಮ್ಮಿಯೇ. 2023ರಲ್ಲಿ ಇಲ್ಲಿ ದಾಖಲಾದ ಸೈಬರ್ ಕೇಸು ಹದಿನೇಳೂವರೆ ಸಾವಿರಕ್ಕೂ ಹೆಚ್ಚು. 85 ಲಕ್ಷದಿಂದ ಭಾಗಿಸಿ, ಲಕ್ಷಕ್ಕೆ ಇನ್ನೂರು ದಾಟುತ್ತದೆ. ಒಂದೂಕಾಲು ಕೋಟಿಯಿಂದ ಭಾಗಿಸಿ, 140ರ ಹತ್ತಿರ ಬಂದು ನಿಲ್ಲುತ್ತದೆ. ಮೇಲಿನ ಸಂಖ್ಯೆ ಅದೇ, ಕೆಳಗಿನದು ಬದಲಾದರೆ ಊರಿನ ಮುಖವೇ ಬೇರೆ.

ಹಾಗಂತ ಎಲ್ಲಾ ಸುಳ್ಳು ಅಂತಲ್ಲ. ಸೈಬರ್ ಕೇಸಿನಲ್ಲಿ ಬೆಂಗಳೂರು ದೇಶದ ಬೇರೆಲ್ಲಾ ಮಹಾನಗರಗಳಿಗಿಂತ ಬಹಳ ಮುಂದಿದೆ. 2022ರಲ್ಲಿ ಹತ್ತು ಸಾವಿರದ ಹತ್ತಿರ ಇದ್ದದ್ದು ಒಂದೇ ವರ್ಷದಲ್ಲಿ ಹೀಗೆ ಏರಿತು. ಮೋಸ ಜಾಸ್ತಿ ಆಗಿದೆ, ಅನುಮಾನವೇ ಇಲ್ಲ. ಆದರೆ ಇನ್ನೊಂದು ಕಾರಣವೂ ಇದೆ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಶುರುವಾದದ್ದು ಇಲ್ಲೇ. ಈಗ ನಗರದ ಒಂದೊಂದು ವಿಭಾಗಕ್ಕೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ದೂರು ಕೊಡೋಕೆ ಜಾಗ ಇದೆ, ಕೊಡುವಷ್ಟು ಓದಿದವರಿದ್ದಾರೆ, ಹಾಗಾಗಿ ಸಂಖ್ಯೆ ಕಾಣುತ್ತದೆ. ಸಂಖ್ಯೆ ಚಿಕ್ಕದಿರುವ ಊರುಗಳಲ್ಲಿ ಕಳ್ಳರೆಲ್ಲ ಸನ್ಯಾಸ ತಗೊಂಡಿದ್ದಾರೆ ಅಂತ ನಾನಂತೂ ನಂಬುವುದಿಲ್ಲ. ದೂರುಗಳ ಸಂಖ್ಯೆ ಏರಿದರೆ ನನಗೆ ಭಯವಿಲ್ಲ. ದೂರು ತಗೊಳ್ಳದೆ ವಾಪಸ್ ಕಳಿಸುತ್ತಾರಲ್ಲ, ಅದು ಭಯ.

ನನ್ನ ಅಕ್ಕನ ಮಗಳ ಕತೆ ಹೇಳುತ್ತೇನೆ. ನಾಗರಬಾವಿ ಕಡೆ ಪಿಜಿಯಲ್ಲಿದ್ದು ಎಂ.ಕಾಂ. ಓದುತ್ತಿದ್ದಾಳೆ. ಹೋದ ವರ್ಷ ಸಂಜೆ ಹೊತ್ತು ಆಟೊದಲ್ಲಿ ಬರುತ್ತಿದ್ದಳು. ಸಿಗ್ನಲ್‌ನಲ್ಲಿ ಆಟೊ ನಿಂತಿತ್ತು. ಅವಳು ಬಾಡಿಗೆ ಕೊಡೋಕೆ ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಬೈಕಿನಲ್ಲಿ ಇಬ್ಬರು ಬಂದು ಕಿತ್ತುಕೊಂಡು ಹೋದರು. ಆಟೊ ಡ್ರೈವರ್ ಪಾಪ ಸ್ವಲ್ಪ ದೂರ ಅಟ್ಟಿಸಿಕೊಂಡೂ ಹೋದರಂತೆ. ಆಮೇಲೆ ಅವರ ಫೋನಿನಿಂದಲೇ ನನಗೆ ಕಾಲ್ ಮಾಡಿಸಿ, ಸ್ಟೇಷನ್ ಬಾಗಿಲಿಗೆ ಇಳಿಸಿ, ದುಡ್ಡು ಕೂಡ ಕೇಳದೆ ಹೋದರು.

ನಾನು ಹೋಗುವಷ್ಟರಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಳು. ಟೇಬಲ್ಲಿನಲ್ಲಿದ್ದವರು ಕೆಟ್ಟವರೇನಲ್ಲ. ಮೆತ್ತಗೇ ಹೇಳಿದರು.

"ನೋಡಮ್ಮಾ, ಫೋನ್ ಕಳೆದುಹೋಯ್ತು ಅಂತ ಇ-ಲಾಸ್ಟ್‌ನಲ್ಲಿ ಹಾಕಿ. ಐದು ನಿಮಿಷದ ಕೆಲಸ. ಅದನ್ನ ತೋರಿಸಿದ್ರೆ ಹೊಸ ಸಿಮ್ ಸಿಗುತ್ತೆ."

"ಸರ್, ಕಳೆದುಹೋಗಿಲ್ಲ. ಕಿತ್ಕೊಂಡು ಹೋದ್ರು."

"ಎರಡೂ ಒಂದೇ ಅಲ್ವೇನಮ್ಮಾ? ಫೋನ್ ಹೋಗಿದೆ ತಾನೇ?"

ಒಂದೇ ಅಲ್ಲ. ಇ-ಲಾಸ್ಟ್ ಅನ್ನೋದು ಕಳೆದುಹೋದ ವಸ್ತುಗಳಿಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆ, ಅಲ್ಲಿ ಹಾಕಿದರೆ ನೀವೇ ಎಲ್ಲೋ ಬೀಳಿಸಿಕೊಂಡಿದ್ದೀರಿ ಅಂತ ಬರೆದುಕೊಟ್ಟ ಹಾಗೆ. ಅಲ್ಲಿ ಅಪರಾಧವೇ ಇಲ್ಲ, ಹುಡುಕಲು ಆರೋಪಿಯೂ ಇಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೇ ಬೇರೆ ಸೆಕ್ಷನ್ ಇದೆ, 304. ಮೂರು ವರ್ಷದವರೆಗೆ ಜೈಲು. ನಾನು ಆ ಸೆಕ್ಷನ್ ಹೆಸರು ಎತ್ತಿದ ಮೇಲೆ "ಮೇಡಂ ಲಾಯರ್ರಾ?" ಅಂತ ಕೇಳಿದರು. ಲೆಕ್ಕದ ಮೇಷ್ಟ್ರು ಅಂದೆ. ನಕ್ಕರು. ಆದರೂ ಇನ್ಸ್‌ಪೆಕ್ಟರ್ ಬರಲಿ ಅಂತ ಕೂರಿಸಿದರು.

ಕಾಯುವಾಗ ಅವಳು ಬಿಳಿ ಹಾಳೆಯಲ್ಲಿ ದೂರು ಬರೆದಳು. ಎಲ್ಲಿ, ಎಷ್ಟು ಗಂಟೆಗೆ, ಬೈಕಿನ ಬಣ್ಣ, ಹಿಂದೆ ಕೂತವನ ಶರ್ಟು. ಬೈಕಿನ ನಂಬರಿನಲ್ಲಿ ಕೊನೆಯ ಎರಡು ಅಂಕಿ ಮಾತ್ರ ನೆನಪಿತ್ತು, ಅದನ್ನೂ ಬರೆಸಿದೆ. ಐಎಂಇಐ, ಅಂದರೆ ಒಂದೊಂದು ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್ ಕೇಳಿದರು. ಅವಳ ಹತ್ತಿರ ಅದರ ಫೋಟೋ ಇತ್ತು, ಆದರೆ ಆ ಫೋಟೋ ಇದ್ದದ್ದು ಕಳುವಾದ ಫೋನಿನಲ್ಲೇ! ಕೊನೆಗೆ ತಿಪಟೂರಿನಲ್ಲಿ ನಮ್ಮ ಭಾವ ಅಟ್ಟದ ಮೇಲಿಂದ ಫೋನಿನ ಡಬ್ಬ ಇಳಿಸಿ, ಧೂಳು ಒರೆಸಿ, ಫೋಟೋ ತೆಗೆದು ನನಗೆ ಕಳಿಸಿದರು. ಇದನ್ನು ಓದುತ್ತಿರುವವರು ಈಗಲೇ *#06# ಒತ್ತಿ, ಬರುವ ನಂಬರನ್ನು ಅಮ್ಮನ ಫೋನಿಗೆ ಕಳಿಸಿಡಿ. ಆ ನಂಬರ್ ಇದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು. ಬೇರೆ ಸಿಮ್ ಹಾಕಿದರೂ ಆ ಫೋನು ಕೆಲಸಕ್ಕೆ ಬರುವುದಿಲ್ಲ, ಎಲ್ಲಾದರೂ ಆನ್ ಆದರೆ ಪೊಲೀಸರಿಗೆ ಸುಳಿವೂ ಸಿಗುತ್ತದೆ.

ರಾತ್ರಿ ಒಂಬತ್ತೂವರೆಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಫೋನ್ ಇವತ್ತಿಗೂ ಸಿಕ್ಕಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಜೊತೆಗೆ ನಾನು ಇಲ್ಲದಿದ್ದರೆ, ಊರಿಗೆ ಬಂದು ಮೂರು ತಿಂಗಳಾದ ಹುಡುಗಿ ಐದು ನಿಮಿಷದಲ್ಲಿ ಇ-ಲಾಸ್ಟ್ ಮಾಡಿಸಿಕೊಂಡು ಹೊರಗೆ ಬಂದಿರುತ್ತಿದ್ದಳು. ಹೀಗೆ ಎಷ್ಟು ಮಕ್ಕಳು ಬಂದಿದ್ದಾರೋ. ಆ ಸಿಗ್ನಲ್‌ನಲ್ಲಿ ಹತ್ತು ಫೋನ್ ಹೋಗಿ ಹತ್ತೂ 'ಕಳೆದುಹೋದವು' ಆದರೆ, ಅಲ್ಲೊಂದು ಪೊಲೀಸ್ ಗಸ್ತಿನ ಚೀತಾ ಬೈಕ್ ನಿಲ್ಲಿಸಬೇಕು ಅಂತ ಯಾವ ಅಧಿಕಾರಿಗೂ ಅನ್ನಿಸುವುದಿಲ್ಲ.

ಹಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ. ಘಟನೆ ನಡೆದ ಜಾಗ ನಮ್ಮ ಲಿಮಿಟ್ಸ್ ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿ, ಆಮೇಲೆ ಸೇರಬೇಕಾದ ಠಾಣೆಗೆ ಅವರೇ ಕಳಿಸಬೇಕು. ಮೇಲ್ ಮೂಲಕವೂ ದೂರು ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಪುಕ್ಕಟೆ. ಇನ್ಸ್‌ಪೆಕ್ಟರ್ ಒಪ್ಪದಿದ್ದರೆ ಅದೇ ದೂರನ್ನು ಡಿಸಿಪಿಗೆ ಅಂಚೆಯಲ್ಲಿ ಕಳಿಸಿ. ಇದೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿದೆ. ಜಗಳ ಬೇಡ, ದನಿ ಏರಿಸೋದು ಬೇಡ. ಸೆಕ್ಷನ್ ನಂಬರ್ ಹೇಳಿದರೆ ಸಾಕು, ಕುರ್ಚಿ ಕೊಡುತ್ತಾರೆ.

ನಮ್ಮದು ಹಳೆಯ ಓದಿನ ಊರು. ಸೆಂಟ್ರಲ್ ಕಾಲೇಜು ಶುರುವಾದದ್ದು 1858ರಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಐಐಎಸ್‌ಸಿ) 1909, ಯುವಿಸಿಇ ಎಂಜಿನಿಯರಿಂಗ್ ಕಾಲೇಜು 1917, ಬೆಂಗಳೂರು ವಿಶ್ವವಿದ್ಯಾಲಯ 1964. ಆಗಿನಿಂದಲೂ ಹಳ್ಳಿ ಹುಡುಗರು ಟ್ರಂಕು ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಲೇ ಇದ್ದಾರೆ. ನಮ್ಮಪ್ಪನ ಕಾಲದವರು ಇಳಿದು ಹೋಗುತ್ತಿದ್ದದ್ದು ಯಾವುದಾದರೊಂದು ವಿದ್ಯಾರ್ಥಿ ನಿಲಯಕ್ಕೆ. ತೋಟದಪ್ಪ ಛತ್ರದ ಹಾಸ್ಟೆಲ್, ಸಂಘದ ಹಾಸ್ಟೆಲ್, ಸರ್ಕಾರಿ ಹಾಸ್ಟೆಲ್. ಅಲ್ಲಿ ಜಾತಿ ಇತ್ತು, ತಿಳಿಸಾರಿತ್ತು, ಬೈಯುವ ವಾರ್ಡನ್ ಇದ್ದ. ನನಗೆ ಆ ಕಾಲದ ಮೇಲೆ ಅಂಥಾ ಮೋಹವೇನಿಲ್ಲ. ಆದರೆ ರಾತ್ರಿ ಹುಡುಗ ಬರಲಿಲ್ಲ ಅಂದರೆ ಆ ವಾರ್ಡನ್‌ಗೆ ಗೊತ್ತಾಗುತ್ತಿತ್ತು. ಈಗಿನ ಪಿಜಿ ಮ್ಯಾನೇಜರ್‌ಗೆ ಗೊತ್ತಿರುವುದು ಬಾಡಿಗೆ ಬಂತಾ ಇಲ್ವಾ ಅನ್ನೋದಷ್ಟೇ.

ಅಪ್ಪ ಅಮ್ಮಂದಿರು ಹೆದರುವುದು ಕತ್ತಲ ರಸ್ತೆಗೆ, ಗೊತ್ತಿಲ್ಲದ ಗಂಡಸಿಗೆ. ಆ ಹೆದರಿಕೆ ಸುಮ್ನೆ ಅಲ್ಲ. ಆದರೆ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿಯಲ್ಲಿ ಆರೋಪಿ ಪರಿಚಿತನೇ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯಲ್ಲಿ ಯುವತಿಯ ಕೊಲೆ ಆಯಿತಲ್ಲ, ಪೊಲೀಸರು ಹಿಡಿದದ್ದು ಬೀದಿಯಲ್ಲಿ ಹೋಗುವ ಯಾರನ್ನೋ ಅಲ್ಲ, ಪರಿಚಯದ ಬಳಗದವನನ್ನು. ಹಾಗಾಗಿ "ಏಳು ಗಂಟೆ ಮೇಲೆ ಆಚೆ ಹೋಗ್ಬೇಡ" ಅಂತ ಹೇಳಿ ಕೈ ತೊಳೆದುಕೊಂಡರೆ ಕೆಲಸ ಮುಗಿಯಲ್ಲ. ಒಬ್ಬ ಹುಡುಗ ದಿನಾ ಹಿಂದೆ ಬರುತ್ತಿದ್ದಾನೆ, ಮೆಸೇಜ್ ಮಾಡಿ ಹಿಂಸೆ ಕೊಡುತ್ತಿದ್ದಾನೆ ಅಂದರೆ ಅದು ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮಗಳು ಅದನ್ನು ಮನೆಯಲ್ಲಿ ಯಾಕೆ ಹೇಳುವುದಿಲ್ಲ ಗೊತ್ತಾ? ಹೇಳಿದರೆ ಓದು ಬಿಡಿಸಿ ಊರಿಗೆ ಕರೆಸಿಕೊಳ್ಳುತ್ತಾರೆ ಅನ್ನೋ ಭಯಕ್ಕೆ. ನನ್ನ ಕ್ಲಾಸಿನ ಹುಡುಗಿಯರು ಇದನ್ನೇ ನನಗೆ ಹೇಳುವುದು. ದೂರು ಠಾಣೆಯಲ್ಲಿ ಅಷ್ಟೇ ಅಲ್ಲ, ಮನೆಯಲ್ಲೂ ದಾಖಲಾಗುತ್ತಿಲ್ಲ.

ಗಂಡುಮಕ್ಕಳ ಅಪ್ಪ ಅಮ್ಮಂದಿರು ನಿಶ್ಚಿಂತೆಯಾಗಿರುತ್ತಾರೆ. ಅವರಿಗೊಂದು ಮಾತು. ನಮ್ಮ ಕಾಲೇಜಿನ ಹುಡುಗನೊಬ್ಬ ಸೀನಿಯರ್ ಕೇಳಿದ ಅಂತ ತನ್ನ ಬ್ಯಾಂಕ್ ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಎಲ್ಲಾ ಕೊಟ್ಟ. ತಿಂಗಳಿಗೆ ಐದು ಸಾವಿರ ಬರುತ್ತೆ ಅಂದಿದ್ದರು. ಬಂದದ್ದು ಬೇರೆ ರಾಜ್ಯದ ಪೊಲೀಸರ ನೋಟಿಸು. ಯಾರೋ ವಯಸ್ಸಾದವರನ್ನು, ವಿಡಿಯೊ ಕಾಲ್‌ನಲ್ಲಿ ಪೊಲೀಸರ ಹಾಗೆ ನಟಿಸಿ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತ ದುಡ್ಡು ಇವನ ಅಕೌಂಟಿನ ಮೂಲಕ ದಾಟಿ ಹೋಗಿತ್ತು. ಹುಡುಗನಿಗೆ ಮೋಸದ ಗಂಧ ಗಾಳಿಯೂ ಗೊತ್ತಿಲ್ಲ, ಆದರೆ ಖಾತೆ ಅವನ ಹೆಸರಲ್ಲಿದೆ, ಆರೋಪಿ ಅವನೇ. ಸೈಬರ್ ಕೇಸುಗಳಲ್ಲಿ ಓದೋ ಮಕ್ಕಳು ದುಡ್ಡು ಕಳೆದುಕೊಂಡವರಾಗಿ ಮಾತ್ರ ಅಲ್ಲ, ಹೀಗೂ ಸಿಕ್ಕಿಕೊಳ್ಳುತ್ತಿದ್ದಾರೆ. ಅಕೌಂಟ್ ಬಾಡಿಗೆಗೆ ಕೊಡಬೇಡ ಅಂತ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಇನ್ನು ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ನಾಳೆ ಹೋದರಾಯಿತು ಅನ್ನಬೇಡಿ. ದುಡ್ಡು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಯಬೇಕು, ಮೊದಲ ಒಂದೆರಡು ಗಂಟೆಯೇ ಮುಖ್ಯ.

ರಸ್ತೆ ಬಗ್ಗೆ ಯಾರೂ ಕೇಳುವುದೇ ಇಲ್ಲ. ಈ ಊರಿನಲ್ಲಿ ವರ್ಷಕ್ಕೆ ಕೊಲೆ ಆಗುವುದು ಇನ್ನೂರರ ಆಸುಪಾಸು ಜನ. ಆ್ಯಕ್ಸಿಡೆಂಟಿನಲ್ಲಿ ಸಾಯುವುದು ಒಂಬೈನೂರರ ಹತ್ತಿರ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಒಳಗೇ ವಿದ್ಯಾರ್ಥಿನಿಯೊಬ್ಬಳು ಬಸ್ಸಿನ ಚಕ್ರಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ಗಾಡಿಗಳನ್ನು ಒಳಗೆ ಬಿಡಬೇಡಿ ಅಂತ ಮಕ್ಕಳು ಬೀದಿಗಿಳಿದು ಕೂಗಿದ್ದರು. ಸಾವಿರ ಎಕರೆ ದಾಟುವ ಕ್ಯಾಂಪಸ್ ಅದು, ಸುತ್ತಲ ಬಡಾವಣೆಯವರಿಗೆ ಅಡ್ಡದಾರಿ ಆಗಿದೆ. ಕೊಲೆ ಆದರೆ ಬ್ರೇಕಿಂಗ್ ನ್ಯೂಸು, ಇದಕ್ಕೆ ಒಳಪುಟದ ಮೂಲೆ. ಮಗನಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಕೊಡಿಸುವ ಅಪ್ಪ, ಹೆಲ್ಮೆಟ್ ಮಾತ್ರ ಫುಟ್‌ಪಾತಿನದ್ದು ಕೊಡಿಸುತ್ತಾನೆ. ಇದನ್ನು ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ಪಿಜಿ ನೋಡುವವರಿಗೆ ಕೊನೆಯಲ್ಲಿ ಒಂದಿಷ್ಟು. ಕೋರಮಂಗಲದ ಘಟನೆ ಆದ ಮೇಲೆ ಆಗಿನ ಬಿಬಿಎಂಪಿ ನಿಯಮ ತಂದಿತು. ಒಬ್ಬೊಬ್ಬರಿಗೆ 70 ಚದರ ಅಡಿ ಜಾಗ, ಬಾಗಿಲಿನಲ್ಲಿ ಮತ್ತು ಓಡಾಡುವ ಜಾಗದಲ್ಲಿ ಸಿಸಿಟಿವಿ, ಇಪ್ಪತ್ನಾಲ್ಕು ಗಂಟೆ ಒಬ್ಬ ಸಿಬ್ಬಂದಿ. ಇದೆಲ್ಲ ಇದೆಯಾ ಅಂತ ಕೇಳಿ. ಕ್ಯಾಮೆರಾ ತೋರಿಸಿದರೆ ಸಾಕಾಗಲ್ಲ, ನಿನ್ನೆಯ ರೆಕಾರ್ಡಿಂಗ್ ತೋರಿಸಿ ಅನ್ನಿ. ಅರ್ಧ ಜನ ಅಲ್ಲೇ ತಡವರಿಸುತ್ತಾರೆ. ಲ್ಯಾಪ್‌ಟಾಪ್ ಕಳುವಾಗುವುದು ನಡುರಾತ್ರಿಯಷ್ಟೇ ಅಲ್ಲ, ಬೆಳಗ್ಗೆ ಮಕ್ಕಳು ಬಾಗಿಲು ಸುಮ್ನೆ ಎಳೆದುಕೊಂಡು ಸ್ನಾನಕ್ಕೋ ತಿಂಡಿಗೋ ಹೋದಾಗಲೂ. ಹಾಗಾಗಿ ರೂಮಿನ ಚಿಲಕ ನೋಡಿ, ಬೀರುವಿಗೆ ಬೀಗ ಇದೆಯಾ ನೋಡಿ. ಆಮೇಲೆ ದಯವಿಟ್ಟು ಭಾನುವಾರ ಬೆಳಗ್ಗೆ ಬಂದು ಪಿಜಿ ನೋಡಬೇಡಿ. ಭಾನುವಾರ ಬೆಳಗ್ಗೆ ಬೆಂಗಳೂರಿನ ಎಲ್ಲಾ ರಸ್ತೆಯೂ ಚೆನ್ನಾಗಿಯೇ ಕಾಣುತ್ತದೆ. ವಾರದ ದಿನ ರಾತ್ರಿ ಎಂಟು ಗಂಟೆಗೆ ಬನ್ನಿ. ಬಸ್ ಸ್ಟಾಪಿನಿಂದ ಪಿಜಿವರೆಗೆ ಮಗಳ ಜೊತೆ ನಡೆಯಿರಿ. ಎಷ್ಟು ಬೀದಿದೀಪ ಉರಿಯುತ್ತಿದೆ, ಯಾವ ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ ನೋಡಿ, ಆ ಅಂಗಡಿಯವರ ಹತ್ತಿರ ಒಂದು ಟೀ ಕುಡಿದು ಮಾತಾಡಿಸಿ. ವಾಪಸ್ ಹೋಗೋಕೆ ಬಸ್ ತಪ್ಪಿದರೆ ನಮ್ಮ ಮನೆಯಲ್ಲಿ ಉಳಿಯಬಹುದು, ತಿಪಟೂರಿನವರಿಗೆ ಮಾತ್ರ.