ಅಭಿಮಾನಿ ಎಂದರೆ ಗಿರಾಕಿಯೇ?

ನಾನು ಬೆಂಬಲಿಸುವ ಐಪಿಎಲ್ ತಂಡದ ಹೆಸರು ಇಲ್ಲಿ ಬೇಡ. ‘ನೀವೇ ನಮ್ಮ ಉಸಿರು’ ಎಂದು ಮೊಬೈಲಿಗೆ ಸಂದೇಶ ಕಳುಹಿಸುತ್ತದೆ, ಅದರ ಕೆಳಗೇ ಹೊಸ ಜೆರ್ಸಿಯ ಬೆಲೆ. ಕಳೆದ ವರ್ಷದ್ದು ಇನ್ನೂ ಗಟ್ಟಿಯಾಗಿದೆ. ಆದರೆ ಎದೆಯ ಮೇಲಿನ ಪ್ರಾಯೋಜಕರು ಬದಲಾಗಿದ್ದಾರೆ, ಬೆನ್ನ ಮೇಲೆ ಹೆಸರಿರುವ ಆಟಗಾರ ಹರಾಜಿನಲ್ಲಿ ಬೇರೆ ತಂಡದ ಪಾಲಾಗಿದ್ದಾನೆ. ಎರಡು ಸಲ ಒಗೆದದ್ದಕ್ಕೆ ಅವನ ಹೆಸರಿನ ಅರ್ಧ ಅಕ್ಷರಗಳೂ ಉದುರಿವೆ, ಅದೊಂದು ಉಪಕಾರ.

2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅದರಲ್ಲಿ ತಂಡಗಳಿಗೂ ಪಾಲಿದೆ. ಅಷ್ಟು ದುಡ್ಡು ಬರುವುದು ನಾವು ಟಿವಿ ಮುಂದೆ ಕೂರುವುದರಿಂದಲೇ ಅಲ್ಲವೇ? ಆದರೂ ಟಿಕೆಟ್ ಕೊಳ್ಳಲು ಹೋದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ, ಕೊನೆಗೆ ‘ಎಲ್ಲವೂ ಮಾರಾಟವಾಗಿದೆ’.

‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ವೇಗದ ಬೌಲರ್ ಆರ್. ವಿನಯ್ ಕುಮಾರ್ ಹುಟ್ಟಿದ ಊರು ನಮ್ಮದು. ಇಲ್ಲಿನ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಹುಡುಗರು ಬೆವರು ಸುರಿಸಿ ಬೌಲಿಂಗ್ ಮಾಡುತ್ತಾರೆ. ತಂಡಕ್ಕೆ ಅಭಿಮಾನಿಗಳು ಬೇಕಿದ್ದರೆ ಬೆಂಚು ಕಾಯುವ ಒಬ್ಬ ಆಟಗಾರನನ್ನಾದರೂ ಒಂದು ದಿನ ಇತ್ತ ಕಳುಹಿಸಲಿ. ಬೆಣ್ಣೆ ದೋಸೆಯ ಖರ್ಚು ನನ್ನದು.