ಬೆಟ್ಟದ ನೆತ್ತಿಯ ಪೈನ್ ಕಾಡಿಗೆ ನಾವು ಕೈ ಹಾಕಬೇಕಾ?

ಪರ: ಸುಮ್ನೆ ನೋಡುತ್ತಾ ಕೂರುವ ಕಾಲ ಮುಗಿಯಿತು

ಉತ್ತರ ಅಮೆರಿಕದ ರಾಕಿ ಪರ್ವತಗಳ ಎತ್ತರದಲ್ಲಿ ಬೆಳೆಯುವ ವೈಟ್‌ಬಾರ್ಕ್ ಪೈನ್ ಮರಕ್ಕೆ ಚಳಿಯೇ ಕಾವಲು. ತೊಗಟೆ ಕೊರೆಯುವ ದುಂಬಿಯ ಮರಿಹುಳುಗಳು ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಗೆ ಸಾಯುತ್ತವೆ. ಚಳಿಗಾಲ ಬೆಚ್ಚಗಾಗುತ್ತಾ ಬಂದಂತೆ ಆ ಕಾವಲು ಸಡಿಲವಾಯಿತು. 2000ದ ನಂತರ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಮರಗಳು ಸತ್ತು, ಇಳಿಜಾರಿಗೆ ಇಳಿಜಾರೇ ಮೊದಲು ಕೆಂಪಾಗಿ, ಆಮೇಲೆ ಬೂದು ಬಣ್ಣಕ್ಕೆ ತಿರುಗಿದವು.

ಇದರ ಜೊತೆಗೆ ಶಿಲೀಂಧ್ರದಿಂದ ಬರುವ ತುಕ್ಕು ರೋಗ. ಅದು ಸುಮಾರು 1910ರಲ್ಲಿ ಹೊರಗಿನಿಂದ ತರಿಸಿದ ಸಸಿಗಳ ಜೊತೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಬಂತು. ತಂದವರು ಮನುಷ್ಯರೇ ಅಲ್ವಾ? ಹಾಗಿರುವಾಗ ‘ಪ್ರಕೃತಿ ನೋಡಿಕೊಳ್ಳುತ್ತದೆ’ ಎಂದು ಜಾರಿಕೊಳ್ಳುವುದು ಸರಿಯಲ್ಲ.

ಮಾಡುವ ದಾರಿಯೂ ಇದೆ. ರೋಗಕ್ಕೆ ಬಗ್ಗದ ಮರಗಳನ್ನು ಹುಡುಕುತ್ತಾರೆ. ಮರ ಹತ್ತಿ ಎಳೆಯ ಕಾಯಿಗಳಿಗೆ ತಂತಿಬಲೆ ಕಟ್ಟುತ್ತಾರೆ. ಇಲ್ಲದಿದ್ದರೆ ನಟ್‌ಕ್ರಾಕರ್ ಹಕ್ಕಿ ಮೊದಲೇ ಬಂದು ಬೀಜ ಕಿತ್ತುಕೊಂಡು ಹೋಗುತ್ತದೆ. ಆ ಬೀಜ ನರ್ಸರಿಯಲ್ಲಿ ಸಸಿಯಾಗಿ ಮತ್ತೆ ಬೆಟ್ಟ ಸೇರುತ್ತದೆ. ಕೆನಡಾದಲ್ಲಿ ಈಗಿನ ನೆಲೆಯ ಅಂಚಿನಿಂದ 800 ಕಿ.ಮೀ. ಆಚೆ ಪ್ರಯೋಗಕ್ಕೆಂದು ಬಿತ್ತಿದ ಬೀಜಗಳೂ ಮೊಳೆತವು. ಕಾಯಿ ಬಿಡಲು 20-30 ವರ್ಷ ಬೇಕಾದ ಮರ ಇದು. 2022ರಲ್ಲಿ ಅಮೆರಿಕ ಇದನ್ನು ಅಳಿವಿನ ಭೀತಿಯ ಪಟ್ಟಿಗೂ ಸೇರಿಸಿತು. ಇನ್ನೂ ಕಾಯುವುದು ಯಾವುದಕ್ಕೆ?

ವಿರೋಧ: ಎಲ್ಲಿ ನೆಡಬೇಕೆಂದು ನಮಗೆ ಗೊತ್ತಾ?

ತುಕ್ಕು ರೋಗದ ಮಾತು ಬಂದಾಗ ನಾನೂ ಸುಮ್ಮನಾಗುತ್ತೇನೆ. ಆ ತಪ್ಪು ನಮ್ಮದೇ. ಆದರೆ ಹವಾಮಾನಕ್ಕೆ ಕಾಡು ಹೇಗೆ ಸ್ಪಂದಿಸುತ್ತದೆ ಎಂಬ ಲೆಕ್ಕ ಅಷ್ಟು ಸುಲಭವಲ್ಲ.

ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನ ಬ್ರಿಸಲ್‌ಕೋನ್ ಪೈನ್ ನೋಡಿ. ಕೆಲವಕ್ಕೆ 4,800 ವರ್ಷ ದಾಟಿದೆ. ಮರಗಳು ಬೆಳೆಯುವ ಅತಿ ಎತ್ತರದ ಅಂಚಿನ ಮರ ಬೆಚ್ಚಗಿನ ವರ್ಷದಲ್ಲಿ ಕಾಂಡದೊಳಗೆ ಅಗಲವಾದ ಉಂಗುರ ಕಟ್ಟುತ್ತದೆ, ಅಂದರೆ ಚೆನ್ನಾಗಿ ಬೆಳೆಯುತ್ತದೆ. ಬರೀ 60-80 ಮೀಟರ್ ಕೆಳಗಿಳಿದರೆ ಅದೇ ಜಾತಿಯ ಮರಕ್ಕೆ ಮಳೆಯದ್ದೇ ಚಿಂತೆ. ಅದೇ ಬಿಸಿಲು ಒಂದಕ್ಕೆ ಊಟ, ಇನ್ನೊಂದಕ್ಕೆ ಉಪವಾಸ. ಇಳಿಜಾರು ಯಾವ ದಿಕ್ಕಿಗಿದೆ ಎಂಬುದರ ಮೇಲೂ ಇದು ಬದಲಾಗುತ್ತದೆ. ನಕ್ಷೆ ಹಿಡಿದು ಸಸಿ ನೆಡಲು ಹೊರಟವರು ಎಲ್ಲಿ ಗೆರೆ ಎಳೆಯುತ್ತಾರೆ?

ಆ ಬೆಟ್ಟದಲ್ಲಿ ಈಗಿನ ಮರಗಳ ಅಂಚಿಗಿಂತ ಮೇಲೆ ಸತ್ತ ಬೊಡ್ಡೆಗಳು ಉಳಿದುಕೊಂಡಿವೆ. ಒಣ ಚಳಿಯಲ್ಲಿ ಸಾವಿರಾರು ವರ್ಷವಾದರೂ ಕೊಳೆತಿಲ್ಲ. ಬೆಚ್ಚಗಿದ್ದಾಗ ಕಾಡು ಮೇಲೆ ಹತ್ತಿತ್ತು, ತಂಪಾದಾಗ ಇಳಿಯಿತು. ಯಾರೂ ನೆಟ್ಟಿರಲಿಲ್ಲ. ಈಗಲೂ ಆ ಅಂಚನ್ನು ದಾಟಿ ಲಿಂಬರ್ ಪೈನ್ ಎಂಬ ಇನ್ನೊಂದು ಜಾತಿಯ ಸಸಿಗಳು ಏಳುತ್ತಿವೆ, ಬ್ರಿಸಲ್‌ಕೋನ್‌ಗಿಂತ ಮುಂದೆ. ಅವುಗಳ ಬೀಜ ಹೊತ್ತು ತಂದು ಮಣ್ಣಲ್ಲಿ ಹುದುಗಿಸುವುದು ನಟ್‌ಕ್ರಾಕರ್. ನಾವು ತಂತಿಬಲೆ ಕಟ್ಟಿ ದೂರ ಇಡುವುದೂ ಅದೇ ಹಕ್ಕಿಯನ್ನು.